ಕಾಣದ ಕಡೆಯ ಕುಸುರಿ

ಯಾರ ಕಣ್ಣಿಗೂ ಬೀಳದ ಕೆಲಸವನ್ನು ಎಷ್ಟರಮಟ್ಟಿಗೆ ಚೆನ್ನಾಗಿ ಮಾಡಬೇಕು? ಮೆಚ್ಚುವವರಿಲ್ಲ, ದೂರುವವರೂ ಇಲ್ಲ ಎಂದಾದಾಗ ಶ್ರದ್ಧೆಗೆ ಏನು ಆಧಾರ? ಈ ಹಳೆಯ ಪ್ರಶ್ನೆಯನ್ನು ವಿಚಾರ ಮಾಡಲು ಒಂದು ಕೈಗಡಿಯಾರ ನೆರವಾಗಬಲ್ಲುದು.

ಸ್ವಿಟ್ಜರ್ಲೆಂಡಿನಲ್ಲಿ, ಫ್ರಾನ್ಸಿನ ಗಡಿಯ ಬಳಿ, ಜೂರಾ ಪರ್ವತಗಳ ನಡುವೆ ವಾಲೆ ದ ಜೂ ಎಂಬ ಕಣಿವೆಯಿದೆ. ಹಿಂದೆ ಅಲ್ಲಿನ ರೈತರು ಹಿಮ ಮುಸುಕಿ ಬೇಸಾಯ ನಿಂತ ತಿಂಗಳುಗಳಲ್ಲಿ ಕಿಟಕಿಯ ಬೆಳಕಿಗೆ ಕುಳಿತು ಗಡಿಯಾರದ ಬಿಡಿಭಾಗಗಳನ್ನು ತಯಾರಿಸುತ್ತಿದ್ದರು. ಆ ಪರಂಪರೆಯಲ್ಲಿ ಬೆಳೆದವರು 1948ರಲ್ಲಿ ಜನಿಸಿದ ಫಿಲಿಪ್ ದ್ಯುಫೂರ್. ಅವರು 2000ದಲ್ಲಿ ಹೊರತಂದ ಕೈಗಡಿಯಾರದ ಹೆಸರು ‘ಸಿಂಪ್ಲಿಸಿಟಿ’, ಎಂದರೆ ಸರಳತೆ. ಗಂಟೆಯ ಮುಳ್ಳು, ನಿಮಿಷದ ಮುಳ್ಳು, ಕೆಳಗೊಂದು ಪುಟ್ಟ ಸೆಕೆಂಡಿನ ಮುಳ್ಳು. ಇಷ್ಟೇ ಅದರ ಮುಖ. ದಿನಾಂಕವನ್ನೂ ಅದು ತೋರಿಸದು. ಕೀಲಿ ಕೊಟ್ಟರೆ ಸೆಕೆಂಡಿಗೆ 5 ಬಾರಿ ಮಿಡಿಯುತ್ತ ನಡೆಯುತ್ತದೆ.

ಶ್ರಮವೆಲ್ಲ ಒಳಗಡೆ ಅಡಗಿದೆ. ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿಗಳ ಅಂಚನ್ನು ಅರದಿಂದ ಓರೆಯಾಗಿ ಉಜ್ಜಿ, ಬಳಿಕ ಜೆಂಷನ್ ಎಂಬ ಬೆಟ್ಟದ ಗಿಡದ ಒಣಗಿದ ಕಾಂಡಕ್ಕೆ ನುಣ್ಣನೆಯ ಲೇಪ ಹಚ್ಚಿ, ಕನ್ನಡಿಯಂತೆ ಹೊಳೆಯುವವರೆಗೆ ತಿಕ್ಕಲಾಗುತ್ತದೆ. ಎರಡು ಅಂಚುಗಳು ಒಳಮುಖವಾಗಿ ಸೇರುವ ಚೂಪು ಮೂಲೆ ತಿರುಗುವ ಉಪಕರಣಕ್ಕೆ ಒಗ್ಗದು. ಅದು ಮೂಲೆಯನ್ನು ದುಂಡಾಗಿಸಿಬಿಡುತ್ತದೆ. ಅಲ್ಲಿ ಕೈಯೇ ಬೇಕು. ಉಕ್ಕಿನ ಕೆಲವು ಭಾಗಗಳನ್ನು ತವರದ ತಗಡಿನ ಮೇಲೆ ತೇಯ್ದು ಎಷ್ಟು ಸಮತಟ್ಟು ಮಾಡುವರೆಂದರೆ, ಒಂದು ಕೋನದಿಂದ ನೋಡಿದರೆ ಅವು ಥಳಥಳಿಸುತ್ತವೆ, ಇನ್ನೊಂದು ಕೋನದಿಂದ ಕಾಡಿಗೆಯಂತೆ ಕಪ್ಪಾಗಿ ತೋರುತ್ತವೆ. ಒಂದು ಗೀರು ಉಳಿದರೂ ಆ ಕಪ್ಪು ಮೂಡುವುದಿಲ್ಲ.

ಇಷ್ಟರಿಂದ ಕಾಲಗಣನೆ ಹೆಚ್ಚು ನಿಖರವಾಯಿತೇ ಎಂದು ಕೇಳಬಹುದು. ಕತ್ತರಿಸಿದ ಲೋಹದ ಅಂಚಿನಲ್ಲಿ ಉಳಿಯುವ ಸಣ್ಣ ಚೂರುಗಳು ಉದುರಿ ಚಕ್ರಗಳಿಗೆ ಸಿಕ್ಕದಿರಲೆಂದು ಅಂಚನ್ನು ನಯಗೊಳಿಸುವುದು ಅವಶ್ಯ. ಅದರಾಚೆಗಿನ ಹೊಳಪಿನಿಂದ ಸಮಯಕ್ಕೆ ಲಾಭವಿಲ್ಲ. ಜಪಾನಿನ ಸೈಕೋ ಸಂಸ್ಥೆ 1969ರ ಡಿಸೆಂಬರ್ 25ರಂದು ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಇಂದು ಅಗ್ಗದ ಬೆಲೆಗೆ ದೊರೆಯುವ ಕ್ವಾರ್ಟ್ಸ್ ಗಡಿಯಾರದೊಳಗಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತ, ಕೀಲಿ ಕೊಡುವ ಉತ್ತಮ ಗಡಿಯಾರಕ್ಕಿಂತ ಸರಿಯಾದ ವೇಳೆಯನ್ನು ತೋರಿಸುತ್ತದೆ. ಹಾಗಾದರೆ ಈ ಕುಸುರಿ ವ್ಯರ್ಥವೇ?

ಇಲ್ಲಿ ಕೊಳ್ಳುವವನನ್ನೂ ಮಾಡುವವನನ್ನೂ ಬೇರೆಬೇರೆಯಾಗಿ ನೋಡಬೇಕಾಗುತ್ತದೆ. ಸರಳತೆಯ ಹೆಸರು ಹೊತ್ತ ಈ ಗಡಿಯಾರಗಳಲ್ಲೊಂದು 2020ರ ಹರಾಜಿನಲ್ಲಿ 10 ಲಕ್ಷ ಸ್ವಿಸ್ ಫ್ರಾಂಕಿಗೂ ಮೀರಿದ ಬೆಲೆಗೆ ಹೋಯಿತು. ಹೆಸರು ಸರಳತೆಯಾದ ಮಾತ್ರಕ್ಕೆ ಒಡೆತನ ಸರಳವಾಗುವುದಿಲ್ಲ. ಪರಿಗ್ರಹದ ಬೇರು ವಸ್ತುವಿಗಿಂತಲೂ ಅದರ ಮೇಲಿನ ಮೂರ್ಛೆಯಲ್ಲಿದೆ ಎಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಿನ್ನದ ತೂಕದಿಂದ ಹುಟ್ಟುವ ಹೆಮ್ಮೆಗಿಂತ ಕುಶಲತೆಯ ಹೆಸರಿನಲ್ಲಿ ಹುಟ್ಟುವ ಹೆಮ್ಮೆ ಇನ್ನೂ ಸೂಕ್ಷ್ಮವಾದುದು; ಅದು ಸದಭಿರುಚಿಯ ವೇಷದಲ್ಲಿ ಬರುವುದರಿಂದ ಸುಲಭವಾಗಿ ಗುರುತು ಸಿಗದು.

ಮಾಡುವವನಿಗೂ ಅಪಾಯ ತಪ್ಪಿದ್ದಲ್ಲ. ಇಂದು ಇಂಥ ಗಡಿಯಾರಗಳ ಬೆನ್ನಿಗೆ ಪಾರದರ್ಶಕ ಗಾಜು ಕೂರಿಸುವುದು ರೂಢಿ. ಹಿಂದೆ ಮುಚ್ಚಳದಡಿ ಮರೆಯಾಗಿದ್ದ ಕುಸುರಿ ಈಗ ಪ್ರದರ್ಶನದ ವಸ್ತು. ತೋರಿಸಲೆಂದೇ ನಯಗೊಳಿಸಿದಾಗ ಹೊಳಪು ಅದೇ ಆಗಿದ್ದರೂ ಅದರ ಹಿಂದಿನ ಭಾವ ಬದಲಾಗಿರಬಹುದು. ಆದರೆ ಡಯಲಿನ ಅಡಿಯ ಭಾಗವನ್ನು ಯಾವ ಗಾಜೂ ತೋರಿಸದು. ಉತ್ತಮ ಕುಶಲಿ ಅದನ್ನೂ ಒರಟಾಗಿ ಬಿಡುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ದುರಸ್ತಿಗೆಂದು ಗಡಿಯಾರವನ್ನು ಬಿಚ್ಚುವ ಅಪರಿಚಿತನೊಬ್ಬನೇ ಅದನ್ನು ಕಾಣುವವನು. ಅವನಿಂದ ಇವನಿಗೆ ಹಣವೂ ಬಾರದು, ಹೊಗಳಿಕೆಯೂ ತಲುಪದು.

ಮಾಡುವವನ ಪಾಲಿಗೆ ಉಳಿಯುವುದು ಈ ಜಾಗರೂಕತೆ. ಬೆಲೆ ತೆತ್ತವನು ಗಡಿಯಾರವನ್ನು ಒಯ್ಯಬಹುದು. ಅದನ್ನು ಮಾಡುವಾಗ ಕೈಗಳಲ್ಲಿದ್ದ ಎಚ್ಚರವನ್ನು ಒಯ್ಯಲಾರನು. ಆ ಎಚ್ಚರ ಬೇಕಾದವರಿಗೆ ಗಡಿಯಾರದ ಅಗತ್ಯವಿಲ್ಲ. ಲೆಕ್ಕದ ಪುಸ್ತಕ ಬರೆಯುವವರಿಗೂ, ಉಗ್ರಾಣದ ಧಾನ್ಯವನ್ನು ಆರಿಸುವವರಿಗೂ, ಅದು ತಾವು ಕುಳಿತಲ್ಲೇ ಸಾಧ್ಯ.