ಹೊರಡುವ ಮುನ್ನ



ಕಾಯುವುದು ಮನುಷ್ಯನಿಗೆ ಬಹಳ ಕಷ್ಟದ ಕೆಲಸ. ಮೃಗಶಿರಾ ಮಳೆ ನಾಲ್ಕು ದಿನ ತಡವಾದರೆ ಕಾಳಗಿಯ ತೊಗರಿ ರೈತ ತಳಮಳಿಸುತ್ತಾನೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಒಂದು ತಾಸು ತಡವಾದರೆ ನಾವು ಗೊಣಗುತ್ತೇವೆ. ಹೀಗಿರುವಾಗ, ಬಾಹ್ಯಾಕಾಶಕ್ಕೆ ಹೊರಟು ನಿಂತವನಿಗೆ ಮತ್ತೆ ಮತ್ತೆ ‘ಇಂದಲ್ಲ’ ಎಂಬ ಮಾತೇ ಕೇಳಿಬಂದರೆ ಅವನ ಮನಸ್ಸು ಹೇಗಿರಬೇಕು?

2025ರಲ್ಲಿ ನಮ್ಮ ದೇಶದ ಶುಭಾಂಶು ಶುಕ್ಲಾ ಅವರಿಗೆ ಇದೇ ಪರೀಕ್ಷೆ ಎದುರಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅದೇ ಊರಿನಲ್ಲಿ ಇಸ್ರೋದ ತರಬೇತಿ ಪಡೆದವರು ಅವರು. ಮೇ 25ರಿಂದ ಅಮೆರಿಕದಲ್ಲಿ ಅವರನ್ನೂ ಮೂವರು ಸಂಗಾತಿಗಳನ್ನೂ ಜನಸಂಪರ್ಕದಿಂದ ದೂರ ಇರಿಸಲಾಯಿತು. ಒಬ್ಬರ ನೆಗಡಿ ಮೇಲೆ ಹೋಗಿ ಎಲ್ಲರಿಗೂ ಅಂಟಬಾರದಲ್ಲವೇ? ಮೇ 29ಕ್ಕೆ ಎಂದಿದ್ದ ಪ್ರಯಾಣ ಜೂನ್ 8ಕ್ಕೆ, 10ಕ್ಕೆ, 11ಕ್ಕೆ ಸರಿಯಿತು. ಒಮ್ಮೆ ಹವಾಮಾನ ಅಡ್ಡಬಂತು. ಒಮ್ಮೆ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರುವುದು ಕಂಡಿತು. ಬಳಿಕ ಬಾಹ್ಯಾಕಾಶ ನಿಲ್ದಾಣದ ರಷ್ಯನ್ ಭಾಗದಲ್ಲಿನ ಗಾಳಿಯ ಸೋರಿಕೆಯನ್ನು ಪರಿಶೀಲಿಸಬೇಕಾಯಿತು. 19, 22 ಎಂಬ ದಿನಾಂಕಗಳೂ ಕಳೆದವು. ಕೊನೆಗೆ ಜೂನ್ 25ರಂದು, ನಮ್ಮಲ್ಲಿ ಮಧ್ಯಾಹ್ನ ಹನ್ನೆರಡಾದಾಗ, ರಾಕೆಟ್ಟು ನೆಲ ಬಿಟ್ಟಿತು.

ಅದಕ್ಕೂ ಮುಂಚೆ, 2023ರ ಫೆಬ್ರವರಿ 27ರಂದು ಅರಬ್ ಸಂಯುಕ್ತ ಸಂಸ್ಥಾನದ ಸುಲ್ತಾನ್ ಅಲ್ ನಿಯಾದಿ ರಾಕೆಟ್ಟಿನೊಳಗೆ ಪಟ್ಟಿ ಬಿಗಿದುಕೊಂಡು ಕುಳಿತೇ ಇದ್ದರು. ಮೂರು ನಿಮಿಷವೂ ಉಳಿದಿರಲಿಲ್ಲ. ಎಂಜಿನ್ನು ಹೊತ್ತಿಸುವ ವ್ಯವಸ್ಥೆಯಲ್ಲಿ ತೊಡಕು ಕಂಡು ಎಲ್ಲವನ್ನೂ ನಿಲ್ಲಿಸಲಾಯಿತು. ಅವರು ಇಳಿದು ಬಂದರು. ಮಾರ್ಚ್ 2ರಂದು ಹೊರಟರು.

ಓದುಗರೇ, ತಡವಾದುದೆಲ್ಲ ಕೆಡುಕಲ್ಲ. ಆ ದೋಷಗಳು ನೆಲದ ಮೇಲೆಯೇ ಕಂಡುಬಂದವು. ಹಾರಿದ ಮೇಲೆ ಕಂಡಿದ್ದರೆ? ಮಗಳ ನಿಕಾಹ್ ಮುಂದೆ ಹೋದಾಗ, ಮಗನಿಗೆ ನೌಕರಿ ಸಿಗದಾಗ ‘ನನ್ನ ದುಆ ಅಲ್ಲಾಹನು ಕೇಳಲಿಲ್ಲ’ ಎಂದು ನಾವು ಬೇಗನೆ ತೀರ್ಪು ಕೊಟ್ಟುಬಿಡುತ್ತೇವೆ. ನಮಗೆ ಕಾಣದ ಯಾವ ಸೋರಿಕೆಯಿಂದ ಅವನು ನಮ್ಮನ್ನು ಕಾಪಾಡಿದನೋ ಬಲ್ಲವರಾರು?

ಆದರೆ ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ. ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡುವಂತೆ ಪ್ರವಾದಿವರ್ಯರು(ಸ) ಕಲಿಸಿದರು. ರಾಕೆಟ್ಟಿನ ಸೋರಿಕೆಯನ್ನು ದುರಸ್ತಿ ಮಾಡಿದ ಮೇಲೆಯೇ ಹೊಸ ದಿನಾಂಕ ನಿಗದಿಯಾಯಿತು. ಶುಕ್ಲಾರ ಪ್ರಯೋಗಗಳಲ್ಲಿ ಧಾರವಾಡದ ವಿಜ್ಞಾನಿಗಳು ಸಿದ್ಧಪಡಿಸಿದ ಹೆಸರುಕಾಳು ಮತ್ತು ಮೆಂತ್ಯದ ಮೊಳಕೆಯ ಪ್ರಯೋಗವೂ ಇತ್ತು. ಒಣಗಿದ ಕಾಳು ಸತ್ತಂತೆ ಕಾಣುತ್ತದೆ. ನೀರು ಸಿಕ್ಕೊಡನೆ ಮೊಳೆಯುವ ಸಿದ್ಧತೆ ಅದರೊಳಗಿರುತ್ತದೆ. ವಿಶ್ವಾಸಿಯ ಕಾಯುವಿಕೆ ಹಾಗಿರಬೇಕು.

ಸಿದ್ಧತೆ ವ್ಯರ್ಥವಾಗುವುದೂ ಇಲ್ಲ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದರು. ಅವರ ಜೊತೆಗೇ ತರಬೇತಿ ಪಡೆದ ರವೀಶ್ ಮಲ್ಹೋತ್ರಾ ಬದಲಿಯಾಗಿ ಸಿದ್ಧರಿದ್ದು ಭೂಮಿಯಲ್ಲೇ ಉಳಿದರು. ಲೋಕ ಹೋದವರನ್ನು ಮಾತ್ರ ಎಣಿಸುತ್ತದೆ. ಹಜ್ಜಿಗಾಗಿ ವರ್ಷಗಟ್ಟಲೆ ಹಣ ಕೂಡಿಟ್ಟು, ಹೊರಡುವ ಮುನ್ನವೇ ಕಣ್ಣು ಮುಚ್ಚಿದ ಬಡ ಮುದುಕಿಯ ನಿಯ್ಯತ್ತನ್ನು ಅಲ್ಲಾಹನು ಬಲ್ಲನು.

ಈಗ ನಮ್ಮ ಪ್ರಯಾಣದ ಮಾತು. ಗಗನಯಾತ್ರಿಗೆ ದಿನಾಂಕ ತಿಳಿಸುತ್ತಾರೆ, ಮುಂದೂಡುತ್ತಾರೆ, ಮರಳಿ ಕರೆತರುತ್ತಾರೆ. ಶುಕ್ಲಾ ಜುಲೈ 15ರಂದು ಮರಳಿದರು. ನಮ್ಮ ಮರಣದ ದಿನಾಂಕ ನಮಗೆ ತಿಳಿದಿಲ್ಲ. ಅದನ್ನು ಮುಂದೂಡುವವರಿಲ್ಲ. ಅಲ್ಲಿಂದ ಮರಳಿ ಬಂದು ತಪ್ಪು ಸರಿಪಡಿಸುವ ಅವಕಾಶವೂ ಇಲ್ಲ. ಅವರು ಹದಿನೆಂಟು ದಿನ ನಿಲ್ದಾಣದಲ್ಲಿರಲು ಒಂದು ತಿಂಗಳು ತಮ್ಮನ್ನು ಸೋಂಕಿನಿಂದ ಕಾಪಾಡಿಕೊಂಡರು. ಕೊನೆಯಿಲ್ಲದ ಪರಲೋಕಕ್ಕೆ ಹೊರಟ ನಾವು ಚಾಡಿ, ಅಸೂಯೆ, ಹರಾಮ್ ಸಂಪಾದನೆಗಳ ಸೋಂಕಿನಿಂದ ಎಷ್ಟು ದಿನ ದೂರವಿದ್ದೇವೆ?

ಆದ್ದರಿಂದ ಇಂದೇ ಲೆಕ್ಕ ನೋಡಿಕೊಳ್ಳಿ. ತಂಗಿಗೆ ಸಲ್ಲಬೇಕಾದ ಹೊಲದ ಪಾಲು ನಿಮ್ಮ ಹೆಸರಿನಲ್ಲೇ ಉಳಿದಿದೆಯೇ? ಬಂಡೆ ಒಡೆದ ಕೂಲಿಯವನಿಗೆ ಕೂಲಿ ಬಾಕಿಯಿದೆಯೇ? ಪತ್ನಿಯ ಮಹರ್ ಕೊಟ್ಟಾಗಿದೆಯೇ? ಮಾತು ಬಿಟ್ಟ ಅಣ್ಣನಿಗೆ ಸಲಾಮ್ ಹೇಳಿದ್ದೀರಾ? ಜನರ ಹಕ್ಕು ಜನರಿಗೇ ಸಲ್ಲಬೇಕು. ರಾತ್ರಿಯಿಡೀ ನಮಾಝ್ ಮಾಡಿದರೂ ಆ ಸಾಲ ತೀರದು.

ಕಾಯುವ ದಿನಗಳು ಇವೇ. ಕರೆ ಬರುವ ಮುನ್ನ ಇವನ್ನು ಸರಿಪಡಿಸಿಕೊಳ್ಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್.