ಕಾಣದ ಗಾಯಕ್ಕೆ ಸಾಕ್ಷಿ



ಒಬ್ಬನ ಮಾತಿನ ಮೇಲೆ ಯಾರನ್ನೂ ಅಪರಾಧಿಯೆಂದು ಎಣಿಸದೆ ಇಬ್ಬರು ಮೂವರ ಸಾಕ್ಷಿಯನ್ನು ಕೇಳಬೇಕೆಂದು ಧರ್ಮೋಪದೇಶಕಾಂಡದ 19ನೇ ಅಧ್ಯಾಯದಲ್ಲಿ ಇರುವದು. ಬಲಾತ್ಕಾರಕ್ಕೆ ಒಳಗಾದ ಸ್ತ್ರೀಯು ಅಳುತ್ತಾ ಬಂದಾಗ ಕೆಲವು ಹಿರಿಯರು ಈ ವಚನವನ್ನೇ ಬಾಗಿಲಿಗೆ ಅಗುಳಿಯಾಗಿ ಹಾಕುವರು. ಅದೇ ಗ್ರಂಥದ 22ನೇ ಅಧ್ಯಾಯವನ್ನು ಇವರು ಯಾಕೆ ಓದುವದಿಲ್ಲವೋ! ನಿಶ್ಚಿತಾರ್ಥವಾದ ಕನ್ಯೆಯನ್ನು ಒಬ್ಬನು ಅಡವಿಯಲ್ಲಿ ಬಲಾತ್ಕರಿಸಿದರೆ ಆಕೆಯಲ್ಲಿ ಪಾಪವಿಲ್ಲ; ಆಕೆ ಕೂಗಿಕೊಂಡರೂ ರಕ್ಷಿಸುವವರು ಇರಲಿಲ್ಲ ಎಂಬದು ಅಲ್ಲಿಯ ವಿಧಿ. ಕೂಗನ್ನು ಕೇಳಿದವರು ಒಬ್ಬರೂ ಇಲ್ಲ. ಆದಾಗ್ಯೂ ಆಕೆ ಕೂಗಿದಳೆಂದು ಧರ್ಮಶಾಸ್ತ್ರವು ನಂಬಿತು.

ದೇಹದ ಗಾಯವನ್ನು ವೈದ್ಯರು ನೋಡಿ ಹೇಳುವರು. ಮನಸ್ಸಿನ ಗಾಯಕ್ಕೆ ಪ್ರಮಾಣವೇನು? ಅಮೇರಿಕಾದ ಸೈನ್ಯದಲ್ಲಿ ಸೇವೆಮಾಡುವಾಗ ಇಂಥ ಹಿಂಸೆಗೆ ಸಿಕ್ಕಿ ಮನೋವ್ಯಾಧಿಯಿಂದ ಬಳಲುವವರು ಪರಿಹಾರವೇತನ ಕೇಳಲು ಹೋದರೆ, ದಂಡಿನ ದಫ್ತರದಲ್ಲಿ ಆ ಸಂಗತಿಯು ಅನೇಕವೇಳೆ ಬರೆದಿರುವದಿಲ್ಲ. ಮೇಲಧಿಕಾರಿಗೆ ಹೆದರಿ ಬಾಯಿ ಬಿಡದವರ ಸುದ್ದಿ ದಫ್ತರಕ್ಕೆ ಬರುವದಾದರೂ ಹೇಗೆ? ಆದಕಾರಣ ಅಲ್ಲಿಯ ಸರಕಾರವು 2002ರಲ್ಲಿ ನಿಯಮವನ್ನು ತಿದ್ದಿ, ಬೇರೆ ಗುರುತುಗಳನ್ನೂ ಸಾಕ್ಷಿಯಾಗಿ ಒಪ್ಪಿಕೊಂಡಿತು. ಒಬ್ಬಳು ಇದ್ದಕ್ಕಿದ್ದಂತೆ ವರ್ಗ ಕೇಳಿದ್ದು, ಕೆಲಸ ಕೆಟ್ಟದ್ದು, ಕಾರಣ ತಿಳಿಯದ ಭಯ ಹಿಡಿದದ್ದು, ಕುಡಿತಕ್ಕೆ ಬಿದ್ದದ್ದು ಇವೆಲ್ಲಾ ಗುರುತುಗಳೇ. ಮನೆಯವರ ಹೇಳಿಕೆಯೊಡನೆ ಸಭಾಪಾಲಕರ ಹೇಳಿಕೆಯನ್ನೂ ಆ ನಿಯಮವು ಹೆಸರಿಸಿ ಹೇಳುತ್ತದೆ.

ತಾಮಾರಳು ತಲೆಯ ಮೇಲೆ ಬೂದಿ ಹಾಕಿಕೊಂಡು, ನಿಲುವಂಗಿಯನ್ನು ಹರಿದುಕೊಂಡು, ಕೂಗುತ್ತಾ ಹೋದಳು. ಗುರುತು ಎದುರಿಗೇ ಇತ್ತು. ಅಣ್ಣನಾದ ಅಬ್ಷಾಲೋಮನು ಸುಮ್ಮನಿರು ಅಂದನು.

ನಮ್ಮ ಬೂದಿಕೋಟೆಯ ಸೀಮೆಗೂ ಈ ಮಾತು ದೂರದ್ದಲ್ಲ. 2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಈ ಕಡೆಯ ಅನೇಕರು ಬಂಗಾರಪೇಟೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಹೋಗುತ್ತಾರೆ. ಕೀರ್ತನೆ ಹಾಡುತ್ತಿದ್ದವಳು ಬಾಯಿ ಮುಚ್ಚಿದರೆ, ರೈಲಿನ ಹೆಸರೆತ್ತಿದರೆ ನಡುಗಿದರೆ, ಅದನ್ನು ಮೊದಲು ಕಾಣುವವರು ಪಕ್ಕದಲ್ಲಿ ಕೂತು ಆರಾಧಿಸುವ ನಾವೇ. ಕಂಡದ್ದನ್ನು ತಾರೀಖು ಸಹಿತ ಬರೆದಿಟ್ಟರೆ ಮುಂದೆ ಅದೇ ಸಾಕ್ಷಿಯಾದೀತು.

ಸುಳ್ಳು ದೂರಿನ ಭಯವೋ? ಸುಳ್ಳುಸಾಕ್ಷಿಯು ಪಾಪವೇ ಸರಿ. ಆದರೆ ನಂಬಿ ಕೇಳುವದು ಬೇರೆ, ತೀರ್ಪು ಕೊಡುವದು ಬೇರೆ. ತೀರ್ಪು ನ್ಯಾಯಾಧಿಪತಿಯ ಕೆಲಸ. ನೊಂದವಳ ಹೇಳಿಕೆಯು ವಿಶ್ವಾಸಯೋಗ್ಯವಾಗಿದ್ದರೆ ಅದೊಂದೇ ಸಾಕೆಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೇ 1996ರಲ್ಲಿ ಹೇಳಿತು. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳದ ವಿಷಯವಾದ 2013ರ ಕಾಯಿದೆಯು ಪರಿಹಾರವನ್ನು ಗೊತ್ತುಮಾಡುವಾಗ ಮನಸ್ಸಿನ ಆಘಾತವನ್ನೂ ಲೆಕ್ಕಕ್ಕೆ ತರಬೇಕೆನ್ನುತ್ತದೆ. ಮನೆಗೆಲಸದವಳಿಗೂ ಅದು ಅನ್ವಯಿಸುವದು. ಅಂಥವಳ ದೂರನ್ನು ಕೇಳಲು ಜಿಲ್ಲೆಗೊಂದು ಸ್ಥಳೀಯ ಸಮಿತಿಯುಂಟು. ದೂರಿಗೆ ಅವಧಿ ಮೂರು ತಿಂಗಳು. ತಕ್ಕ ಕಾರಣವಿದ್ದರೆ ಇನ್ನೂ ಮೂರು. ಬರೆಯಲಾರದವಳಿಗೆ ಬರೆದುಕೊಡಲು ಸಮಿತಿಯವರೇ ಸಹಾಯಮಾಡತಕ್ಕದ್ದು.