ತೂತಿನ ಪಕ್ಕದ ಸಂಖ್ಯೆ

ಜೇಬಿನ ಚಾಕುವಿಗೆ ಸಾಣೆ ಹಿಡಿಯಲು ಲ್ಯಾನ್ಸ್ಕಿಯಂಥ ಸಾಧನಗಳಿವೆ. ಇಕ್ಕಳವೊಂದು ಅಲಗಿನ ಬೆನ್ನನ್ನು ಕಚ್ಚಿಕೊಳ್ಳುತ್ತದೆ. ಸಾಣೆಕಲ್ಲಿನ ಸರಳು ತೂತಿನೊಳಗೆ ತೂರಿ ಹಿಂದೆ ಮುಂದೆ ಓಡುತ್ತದೆ. ತೂತುಗಳ ಪಕ್ಕದಲ್ಲಿ 17, 20, 25, 30 ಡಿಗ್ರಿ ಎಂದು ಬರೆದಿರುತ್ತದೆ. ಕೈ ನಡುಗಿದರೂ ಕೋನ ಹೆಚ್ಚು ಕದಲದು. ಹಾಗಾದರೆ ಆ ಹರಿತ ಯಾರ ಕೌಶಲ?

ಕುಶಲಕರ್ಮದ ಬಗ್ಗೆ 1968ರಲ್ಲಿ ಬರೆದ ಪುಸ್ತಕದಲ್ಲಿ ಡೇವಿಡ್ ಪೈ ಎರಡು ಬಗೆಯ ಕೆಲಸಗಳನ್ನು ಗುರುತಿಸುತ್ತಾನೆ: ಪ್ರತಿ ಕ್ಷಣವೂ ಕೆಡಬಹುದಾದ ಅಪಾಯದ ಕೆಲಸ, ಫಲಿತಾಂಶ ಮೊದಲೇ ನಿಗದಿಯಾಗಿರುವ ಖಚಿತತೆಯ ಕೆಲಸ. ನಮ್ಮ ಸಾಧನ ಎರಡನೆಯ ಕಡೆಗೆ ವಾಲಿದೆ ಅನ್ನಿಸುತ್ತದೆ. ಸಣ್ಣ ಚಾಕು ಇದನ್ನು ಒಪ್ಪುವುದಿಲ್ಲ.

ತೂತಿನ ಎತ್ತರ ಬದಲಾಗದು. ಅಲಗಿನ ಅಂಚು ಇಕ್ಕಳಕ್ಕೆ ಹತ್ತಿರವಾದಷ್ಟೂ ಕಲ್ಲು ಕಡಿದಾಗಿ ಕೂರುತ್ತದೆ. ಹಾಗಾಗಿ ಅಗಲ ಕಡಿಮೆಯಿರುವ ಪುಟ್ಟ ಅಲಗಿಗೆ 17ರ ತೂತು ಕೊಡುವ ಕೋನ 17ನ್ನು ಮೀರಬಹುದು. ಇನ್ನೂ ತಗ್ಗಿಸಹೊರಟರೆ ಕಲ್ಲು ಉಕ್ಕನ್ನು ಬಿಟ್ಟು ಇಕ್ಕಳವನ್ನೇ ಉಜ್ಜುತ್ತದೆ. ಅಪಾಯ ಮಾಯವಾಗಿಲ್ಲ, ಅಲಗನ್ನು ಸಿಕ್ಕಿಸುವ ಮೊದಲ ಕ್ಷಣಕ್ಕೆ ಸರಿದಿದೆ. ಅಲ್ಲಿ ಎಡವಿದರೆ ಮುಂದಿನ ಪ್ರತಿ ಎಳೆತವೂ ಅದೇ ತಪ್ಪನ್ನು ನಿಷ್ಠೆಯಿಂದ ಮಾಡುತ್ತದೆ. (ಸಂಶೋಧನಾ ವಿಧಾನದ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?)

ಅಂಚಿಗೆ ಮಾರ್ಕರ್ ಶಾಯಿ ಬಳಿದು ಕಲ್ಲನ್ನು ಒಮ್ಮೆ ಎಳೆದರೆ ಅದು ಎಲ್ಲಿ ತಾಗಿತೆಂದು ಕಾಣುತ್ತದೆ. ಸಂಖ್ಯೆ ನಂಬಿದವರು ಈ ನೋಟವನ್ನೇ ಬಿಟ್ಟುಬಿಡುತ್ತಾರೆ. ಕೋನ ತಗ್ಗಿದಷ್ಟೂ ಒಳ್ಳೆಯದೆಂದೂ ಅಲ್ಲ. ತೆಳು ಅಂಚು ಹಣ್ಣನ್ನು ಸಲೀಸಾಗಿ ಸೀಳುತ್ತದೆ. ಗಟ್ಟಿ ಕಟ್ಟಿಗೆಯಲ್ಲಿ ತಿರುಚಿದರೆ ಮಡಚಿಕೊಳ್ಳುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ. ಪೆನ್ಸಿಲ್ ಹೆರೆಯುವವರ ಚಾಕುವಿಗೂ ದಿನವಿಡೀ ರಟ್ಟಿನ ಪೆಟ್ಟಿಗೆ ಬಿಚ್ಚುವವರ ಚಾಕುವಿಗೂ ಒಂದೇ ತೂತು ಸಾಲದು.